ಸಂಜೆ ನಾಲ್ಕಕ್ಕೆ ಶುರುವಾಗುವ ಟೊಂಕ ನೋವು: ಕಾಲು ಕೊಟ್ಟವರು ಬಿಟ್ಟುಹೋದ ಅರ್ಧ ಕೆಲಸ

ನಮ್ಮ ಕಾಕಾನ ಟೊಂಕ ನೋವಿಗೆ ಒಂದು ಗಡಿಯಾರ ಇದೆ. ಬೆಳಿಗ್ಗೆ ಏನೂ ಇರುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸಣ್ಣಗೆ ಕೆಣಕುತ್ತದೆ. ಸಂಜೆ ನಾಲ್ಕಾಯಿತೆಂದರೆ ಗಲ್ಲಾಪೆಟ್ಟಿಗೆ ಹಿಡಿದುಕೊಂಡೇ ಮೇಲೇಳಬೇಕು. ಕಾರಟಗಿ ಹತ್ತಿರದ ಊರಲ್ಲಿ ಅವನದೊಂದು ಕಿರಾಣಿ ಅಂಗಡಿ. ಎಂಟು ವರ್ಷದ ಹಿಂದೆ ಗದ್ದೆ ಹದ ಮಾಡುವಾಗ ಎಡಗಾಲು ರೋಟವೇಟರ್‌ಗೆ ಸಿಕ್ಕಿತು, ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅದಾದ ಮೇಲೇ ಅಂಗಡಿ ಹಾಕಿದ್ದು. "ಕಾಲು ಹೋದಾಗ ಅತ್ತಿಲ್ಲ ತಮ್ಮಾ, ಈ ಟೊಂಕ ಅಳಸಾಕ ಹತ್ತೈತಿ" ಅಂತ ಒಮ್ಮೆ ಹೇಳಿದ. ಹೇಳುವಾಗ ನಗುತ್ತಲೇ ಇದ್ದ, ಆದರೆ ಕೈ ಸೊಂಟದ ಮೇಲೇ ಇತ್ತು.

ಈ ನೋವಿಗೆ ಊರಲ್ಲಿ ಸಿಕ್ಕ ಉತ್ತರಗಳು ನಿಮಗೂ ಗೊತ್ತಿರುತ್ತವೆ. ವಾಯು ಅಂದರು. ಎಣ್ಣೆ ತಿಕ್ಕಿಸಿದರು. ಆರ್‌ಎಂಪಿ ಹತ್ತಿರ ಸೂಜಿ ಆಯಿತು, ಮೆಡಿಕಲ್ ಅಂಗಡಿಯಲ್ಲಿ ಸೊಂಟದ ಬೆಲ್ಟ್ ಆಯಿತು. ಕೊನೆಗೆ ಒಬ್ಬ ಡಾಕ್ಟರ್, "ಕಾಲೇ ಇಲ್ಲ ಅಂದ್ಮೇಲೆ ಸೊಂಟ ನೋಯದೇ ಇರುತ್ತಾ?" ಅಂತ ಕೇಳಿ ಮಾತ್ರೆ ಬರೆದುಕೊಟ್ಟರು. ಈ ಕೊನೆಯ ಮಾತು ಅರ್ಧ ಸರಿ, ಅದಕ್ಕೇ ಜಾಸ್ತಿ ಅಪಾಯ. ಕಾಲಿಲ್ಲದ್ದಕ್ಕೂ ಸೊಂಟ ನೋವಿಗೂ ಸಂಬಂಧ ಖಂಡಿತ ಇದೆ. ಆದರೆ ಆ ಸಂಬಂಧ ಹಣೆಬರಹದ್ದಲ್ಲ. ನಡೆಯುವ ರೀತಿಯಲ್ಲಿ, ಕೂರುವ ರೀತಿಯಲ್ಲಿ, ಸರಿಯಾಗಿ ಕೂಡದ ಕೃತಕ ಕಾಲಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ತಯಾರಾಗುವ ನೋವು ಅದು. ಪೂರ್ತಿ ಅಲ್ಲದಿದ್ದರೂ ತಕ್ಕಮಟ್ಟಿಗೆ ಅದನ್ನು ಇಳಿಸಬಹುದು. ಇಳಿಸುವ ಕೆಲಸ ಯಾರದು ಅಂತ ಕೇಳಿದರೆ ಮಾತ್ರ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಇದು ನಮ್ಮ ಕಾಕಾ ಒಬ್ಬನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿಡದ ಸೊಂಟ ನೋವು ಇದೆ ಅಂತ ಬೇರೆ ಬೇರೆ ದೇಶಗಳ ಸಮೀಕ್ಷೆಗಳು 25 ವರ್ಷಗಳಿಂದ ಹೇಳುತ್ತಲೇ ಇವೆ. ಸುತ್ತಲಿನ ಸಾಮಾನ್ಯ ಜನರಿಗಿಂತ ಇದು ಜಾಸ್ತಿ. ನಾವೆಲ್ಲ ಕೇಳಿರುವುದು ಇಲ್ಲದ ಕಾಲು ನೋಯುವ ಕಥೆ, ಕತ್ತರಿಸಿದ ಹೆಬ್ಬೆರಳು ರಾತ್ರಿ ತುರಿಸುವ ಕಥೆ. ಅದು ವಿಚಿತ್ರ, ಅದಕ್ಕೇ ಪತ್ರಿಕೆಯಲ್ಲಿ ಬರುತ್ತದೆ. ಸೊಂಟ ನೋವು ಎಲ್ಲರಿಗೂ ಬರುವಂಥದ್ದು, ಅದರಲ್ಲಿ ಸುದ್ದಿ ಏನಿದೆ? ಆದರೆ ಕೆಲವು ಸಮೀಕ್ಷೆಗಳಲ್ಲಿ ಜನ ಇಲ್ಲದ ಕಾಲಿನ ನೋವಿಗಿಂತ ಇರುವ ಸೊಂಟದ ನೋವೇ ಹೆಚ್ಚು ಕಾಡುತ್ತದೆ ಅಂತ ಹೇಳಿದ್ದಾರೆ.

ಸರಿ, ಸಂಜೆ ನಾಲ್ಕೇ ಯಾಕೆ? ಇದರ ಗುಟ್ಟು ಬಿಡಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ. ಅವರು ಸೊಂಟ ಮುಟ್ಟಲೇ ಇಲ್ಲ. ಮೊದಲ ಪ್ರಶ್ನೆಯೇ, "ಬೆಳಿಗ್ಗೆ ಎಷ್ಟು ಸಾಕ್ಸ್ ಹಾಕ್ತೀರಿ, ಸಂಜೆ ಎಷ್ಟು?" ಕಾಕಾ ಅವರ ಮುಖ ನೋಡಿದ. "ಒಂದೇ ರೀ ಮೇಡಂ. ಅವರು ಕೊಟ್ಟಿದ್ದೇ ಒಂದು."

ಉಳಿದ ಕಾಲಿನ ತುದಿಯನ್ನು, ಆಸ್ಪತ್ರೆಯಲ್ಲಿ ಸ್ಟಂಪ್ ಅನ್ನುತ್ತಾರಲ್ಲ ಅದನ್ನು, ಕೃತಕ ಕಾಲಿನ ಬಟ್ಟಲಿನೊಳಗೆ ಇಳಿಸುತ್ತಾರೆ. ಆ ಬಟ್ಟಲೇ ಸಾಕೆಟ್. ಮಧ್ಯೆ ದಪ್ಪ ಕಾಲುಚೀಲ. ದಿನವೆಲ್ಲ ತೂಕ ಬಿದ್ದು ಬಿದ್ದು ಸ್ಟಂಪಿನೊಳಗಿನ ನೀರಿನಂಶ ಮೇಲಕ್ಕೆ ಸರಿಯುತ್ತದೆ, ಗಾತ್ರ ಸ್ವಲ್ಪ ಕುಗ್ಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ, ಪಾರಾ 40 ದಾಟಿದ ದಿನ, ಬೆವರು ಬೇರೆ ಸೇರಿ ಒಳಗೆ ಜಾರುವುದು ಇನ್ನೂ ಜಾಸ್ತಿ. ಕುಗ್ಗಿದ ಸ್ಟಂಪ್ ಸಾಕೆಟ್ಟಿನಲ್ಲಿ ಕೆಳಕ್ಕೆ ಕೂರುತ್ತದೆ. ಅಂದರೆ ಬೆಳಿಗ್ಗೆ ಸರಿಯಾಗಿದ್ದ ಕಾಲು ಸಂಜೆಗೆ ಗಿಡ್ಡವಾಗಿರುತ್ತದೆ! ಅರ್ಧ ಸೆಂಟಿಮೀಟರೋ ಒಂದೋ. ಅಷ್ಟಕ್ಕೇ ಸೊಂಟ ಒಂದು ಕಡೆ ವಾಲುತ್ತದೆ, ಬೆನ್ನೆಲುಬಿನ ಮೂಳೆಗಳು ಇನ್ನೊಂದು ಕಡೆ ಬಾಗಿ ತಲೆಯನ್ನು ನೆಟ್ಟಗೆ ಇಡುತ್ತವೆ. ಇದಕ್ಕೆ ಮದ್ದು ಮಧ್ಯಾಹ್ನ ಇನ್ನೊಂದು ಸಾಕ್ಸ್ ಏರಿಸುವುದು. ಇಷ್ಟೇ. ಸಾಕ್ಸ್ ದಪ್ಪಕ್ಕೆ ಪ್ಲೈ ಅಂತ ಲೆಕ್ಕ ಇದೆ, 1, 3, 5 ಹೀಗೆ. ಎಲ್ಲ ಸೇರಿ ಹತ್ತು ಹದಿನೈದು ಪ್ಲೈ ದಾಟಿದರೂ ಸಡಿಲ ಅನ್ನಿಸಿದರೆ ಸಾಕೆಟ್ಟನ್ನೇ ಬದಲಿಸುವ ಕಾಲ ಬಂತು ಅಂತ ಅರ್ಥ. ಎಂಟು ವರ್ಷ, ಎರಡು ಕೃತಕ ಕಾಲು, ಎಷ್ಟೋ ಸೂಜಿ. ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆದರೆ ಸಾಕ್ಸ್ ಹಾಕಿದ ಕೂಡಲೇ ನೋವು ಮಾಯವಾಗಲಿಲ್ಲ. ಯಾಕೆಂದರೆ ಎಂಟು ವರ್ಷ ವಾಲಿ ವಾಲಿ ನಡೆದ ಮೈ ಅದನ್ನೇ ಸರಿ ಅಂದುಕೊಂಡುಬಿಟ್ಟಿರುತ್ತದೆ. ಕಂಕುಳಲ್ಲಿ ತುಂಬಿದ ಕೊಡ ಇಟ್ಟುಕೊಂಡು ಬರುವ ಹೆಂಗಸರನ್ನು ನೋಡಿ. ಕೊಡ ಬಲಕ್ಕಿದ್ದರೆ ಮೈ ಎಡಕ್ಕೆ. ನಲ್ಲಿಯಿಂದ ಮನೆಗೆ ಹತ್ತು ನಿಮಿಷದ ದಾರಿ, ಮನೆಗೆ ಬಂದು ಇಳಿಸಿದರೆ ಮುಗಿಯಿತು. ಒಂದು ಕಾಲಿನವರು ಆ ಕೊಡವನ್ನು ಇಳಿಸುವುದೇ ಇಲ್ಲ. ಕೃತಕ ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ನಂಬಿಕೆ ಇಲ್ಲ, ಸ್ಟಂಪ್ ಉರಿಯುತ್ತದೆ, ಎಲ್ಲಿ ಜಾರೀತೋ ಅನ್ನುವ ಭಯ. ಹಾಗಾಗಿ ಆ ಕಡೆ ಹೆಜ್ಜೆ ಚಿಕ್ಕದು, ಸರಕ್ಕನೆ ಮುಗಿಯುತ್ತದೆ. ಇರುವ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಡಿಗೆಯ ಲಯ ಕುಂಟುತ್ತದೆ. ಸೊಂಟವನ್ನು ಸಮ ಹಿಡಿಯಬೇಕಾದ ಪೃಷ್ಠದ ಪಕ್ಕದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ. ಅದರ ಕೆಲಸ ಬೆನ್ನಿನ ಸ್ನಾಯುವಿನ ತಲೆಗೆ ಬೀಳುತ್ತದೆ. ದಿನಕ್ಕೆ ಎರಡು ಮೂರು ಸಾವಿರ ಹೆಜ್ಜೆ, ಪ್ರತಿ ಹೆಜ್ಜೆಗೂ ಬೇರೆಯವರ ಕೂಲಿ ಮಾಡಿದರೆ ಬೆನ್ನು ಮುಷ್ಕರ ಹೂಡದೆ ಇನ್ನೇನು ಮಾಡೀತು.

ಮೊಣಕಾಲಿನ ಮೇಲೆ ಕಾಲು ಹೋದವರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅಲ್ಲಿ ಮಂಡಿಯೂ ಯಂತ್ರದ್ದೇ. ಪಾದ ನೆಲಕ್ಕೆ ತಾಗದಂತೆ ಮುಂದೆ ತರಬೇಕಲ್ಲ, ಅದಕ್ಕೆ ಕೆಲವರು ಸೊಂಟವನ್ನೇ ಮೇಲಕ್ಕೆ ಎತ್ತುತ್ತಾರೆ, ಕೆಲವರು ಕಾಲನ್ನು ಅರ್ಧ ಚಕ್ರದಂತೆ ಹೊರಗಿಂದ ಬೀಸುತ್ತಾರೆ, ಇನ್ನು ಕೆಲವರು ಇರುವ ಕಾಲಿನ ತುದಿಬೆರಳಿನ ಮೇಲೆ ಎದ್ದು ದಾಟುತ್ತಾರೆ. ಮೂರೂ ಸೊಂಟಕ್ಕೆ ಬರೆ. ಅದಕ್ಕಿಂತ ಮುಖ್ಯ, ತೊಡೆಯ ಮೂಳೆಗೆ ಕೆಳಗಡೆ ಅಂಟಿಕೊಂಡಿದ್ದ ದೊಡ್ಡ ಸ್ನಾಯುಗಳ ಹಿಡಿತ ಆಪರೇಷನ್ನಿನಲ್ಲೇ ಹೋಗಿರುತ್ತದೆ. ನಡೆಯಲು ಬೇಕಾಗುವ ಶಕ್ತಿಯ ಲೆಕ್ಕ ನೋಡಿದರೂ ಅಷ್ಟೇ. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋದವರಿಗೆ ಸುಮಾರು ಶೇ 25 ಹೆಚ್ಚು ಶ್ರಮ, ಮೇಲೆ ಹೋದವರಿಗೆ ಶೇ 60ರ ಆಚೆ ಅಂತ ಪಠ್ಯಪುಸ್ತಕಗಳು ಬರೆಯುತ್ತವೆ.

ಕೂರುವುದರಲ್ಲೂ ಒಂದು ಬಲೆ ಇದೆ. ಕಾಲು ಹೋದವರಿಗೆ ನಾವು ಮೊದಲು ಹೇಳುವ ಮಾತೇ "ನೀ ಸುಮ್ನೆ ಕುಂದ್ರು". ಅಂಗಡಿ, ಎಸ್‌ಟಿಡಿ ಬೂತಿನ ಕಾಲದಿಂದ ಹಿಡಿದು ಝೆರಾಕ್ಸ್ ಅಂಗಡಿಯವರೆಗೆ, ಬಳ್ಳಾರಿಯ ಜೀನ್ಸ್ ಹೊಲಿಯುವ ಮೆಷಿನ್ನಿನವರೆಗೆ, ನಾವು ಅವರಿಗೆ ಕೊಟ್ಟ ಕೆಲಸವೆಲ್ಲ ಕೂತು ಮಾಡುವಂಥದ್ದೇ. ದಿನವೆಲ್ಲ ಕೂತರೆ ತೊಡೆಯ ಮುಂಭಾಗದ, ಸೊಂಟದೊಳಗಿನ ಸ್ನಾಯುಗಳು ಮಡಚಿದ ಸ್ಥಿತಿಯಲ್ಲೇ ಗಿಡ್ಡವಾಗುತ್ತವೆ. ಆಮೇಲೆ ಎದ್ದು ನಿಂತಾಗ ತೊಡೆ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ನೆಟ್ಟಗೆ ನಿಲ್ಲಬೇಕಾದರೆ ಬೆನ್ನಿನ ಕೆಳಭಾಗವನ್ನು ಒಳಕ್ಕೆ ಬಾಗಿಸಲೇಬೇಕು. ಬಸುರಿ ಹೆಂಗಸು ನಿಂತ ಹಾಗೆ. ರಾತ್ರಿ ಸ್ಟಂಪಿನ ಕೆಳಗೆ ದಿಂಬು ಇಟ್ಟು ಮಲಗಿಸುತ್ತಾರಲ್ಲ, ಪ್ರೀತಿಯಿಂದಲೇ, ಅದೂ ಇದೇ ಕೆಲಸ ಮಾಡುತ್ತದೆ.

ಚಪ್ಪಲಿಯ ವಿಷಯ ಹೇಳಲೇಬೇಕು, ಇದು ನಮ್ಮ ಮನೆಗಳಿಗೇ ಸೇರಿದ ತೊಂದರೆ. ಕೆಲವು ಕೃತಕ ಪಾದಗಳನ್ನು ಚಪ್ಪಲಿಯ ಹಿಮ್ಮಡಿ ಎಷ್ಟು ಎತ್ತರ ಇದೆಯೋ ಅದಕ್ಕೆ ಹೊಂದಿಸಿ ಕೂಡಿಸಿರುತ್ತಾರೆ. ಶೂ ಹಾಕಿಕೊಂಡೇ ಮನೆಯೊಳಗೆ ಓಡಾಡುವ ದೇಶಗಳಿಗೆ ಅದು ಸರಿ. ನಾವು ಹೊಸ್ತಿಲಲ್ಲಿ ಬಿಡುತ್ತೇವೆ, ಗುಡಿಯಲ್ಲಿ ಬಿಡುತ್ತೇವೆ, ಹುಲಿಗಿಯ ಹುಣ್ಣಿಮೆಗೆ ಹೋದರೆ ಅರ್ಧ ದಿನ ಬರಿಗಾಲು. ಹಿಮ್ಮಡಿ ಇಲ್ಲವಾದ ಕೂಡಲೇ ಇಡೀ ಕಾಲು ಹಿಂದಕ್ಕೆ ವಾಲುತ್ತದೆ, ಮಂಡಿ ಹಿಂದಕ್ಕೆ ತಳ್ಳಿದಂತಾಗುತ್ತದೆ, ಬೀಳದಿರಲು ಮೈ ಮುಂದಕ್ಕೆ ಬಾಗುತ್ತದೆ. ಜೈಪುರ ಕಾಲು ಹುಟ್ಟಿದ್ದೇ ಈ ಕಾರಣಕ್ಕೆ. 1968ರ ಸುಮಾರಿಗೆ ಜೈಪುರದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಪಿ.ಕೆ. ಸೇಥಿ ಮತ್ತು ಶಿಲ್ಪಿ ರಾಮಚಂದ್ರ ಶರ್ಮ ಸೇರಿ ರಬ್ಬರು, ಮರ ಬಳಸಿ ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ, ಕೆಸರಿಗೆ ಇಳಿಯುವ ಪಾದ ಮಾಡಿದರು. ದೊಡ್ಡ ಕೆಲಸ ಅದು. ನಿಮ್ಮ ಮನೆಯವರಿಗೆ ಸಿಕ್ಕಿರುವುದು ಯಾವ ಪಾದ, ಚಪ್ಪಲಿ ಬಿಟ್ಟು ನಡೆಯಬಹುದಾ ಅಂತ ಕೊಟ್ಟವರನ್ನೇ ಕೇಳಿ. ಒಂದು ನಿಮಿಷದ ಪ್ರಶ್ನೆ.

ಕೈ ಹೋದವರನ್ನು ಮರೆಯಬಾರದು. ಮೇವು ಕತ್ತರಿಸುವ ಮೆಷಿನ್ನು, ರಾಶಿ ಮಾಡುವ ಯಂತ್ರ, ಮಿಲ್ಲಿನ ಬೆಲ್ಟು, ಬಳ್ಳಾರಿ, ರಾಯಚೂರು, ಕೊಪ್ಪಳ ಅನ್ನುವ ನಮ್ಮ ಮೂರು ಜಿಲ್ಲೆಗಳಲ್ಲಿ ಕೈ ತಿನ್ನುವ ಯಂತ್ರಗಳಿಗೆ ಬರವಿಲ್ಲ. ಒಂದು ಇಡೀ ತೋಳು ಅಂದರೆ ದೇಹದ ತೂಕದಲ್ಲಿ ಸುಮಾರು ಶೇ 5. ಅದು ಹೋದ ಮೇಲೆ ಹೆಗಲು ಒಂದು ಕಡೆ ಏರುತ್ತದೆ, ಎಲ್ಲ ಭಾರವನ್ನೂ ಒಂದೇ ಕೈಯಲ್ಲಿ ಎತ್ತುವುದರಿಂದ ಕುತ್ತಿಗೆ, ಬೆನ್ನು ಹಿಡಿಯುತ್ತದೆ. ಅವರಿಗೆ ಯಾರೂ "ಸೊಂಟ ಹೇಗಿದೆ" ಅಂತ ಕೇಳುವುದೇ ಇಲ್ಲ. ಕಾಲು ಎರಡೂ ಇವೆಯಲ್ಲ!

ಈಗ ವ್ಯಾಯಾಮದ ಮಾತು. ಕೆಲಸ ಮಾಡುತ್ತಾ?

ಪ್ರಾಮಾಣಿಕ ಉತ್ತರ ಎರಡು ಭಾಗದ್ದು. ಸಾಮಾನ್ಯ ಜನರ ಹಳೆಯ ಸೊಂಟ ನೋವಿಗೆ, ಅಂದರೆ ಮೂರು ತಿಂಗಳು ದಾಟಿದ ನೋವಿಗೆ, ವ್ಯಾಯಾಮದಿಂದ ಪ್ರಯೋಜನ ಇದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. 2021ರಲ್ಲಿ ಕಾಕ್ರೇನ್ ಸಂಸ್ಥೆ 249 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಏನೂ ಮಾಡದವರಿಗೆ, ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಿಗೆ ಹೋಲಿಸಿದರೆ ವ್ಯಾಯಾಮ ಮಾಡಿದವರ ನೋವು 100 ಅಂಕದ ಅಳತೆಯಲ್ಲಿ ಸರಾಸರಿ 15 ಅಂಕದಷ್ಟು ಕಡಿಮೆ ಇತ್ತು. ಪವಾಡ ಅಲ್ಲ, ಅಲ್ವಾ? ಆದರೆ ಗಲ್ಲಾಪೆಟ್ಟಿಗೆ ಹಿಡಿಯದೆ ಏಳುವುದಕ್ಕೂ ಹಿಡಿದು ಏಳುವುದಕ್ಕೂ ಇರುವ ಅಂತರ ಅಷ್ಟೇ ಇರಬಹುದು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟ ನೋವಿಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವ್ಯಾಯಾಮ ಇದೆ, ನೋವಿನ ಬಗ್ಗೆ ತಿಳಿಹೇಳುವುದು ಇದೆ. ಸೊಂಟದ ಬೆಲ್ಟ್, ಸೊಂಟ ಎಳೆದು ಕಟ್ಟುವ ಟ್ರಾಕ್ಷನ್, ಕರೆಂಟು ಕೊಡುವ ಟೆನ್ಸ್ ಮೆಷಿನ್ ಬೇಡ ಅಂತಲೂ ಇದೆ. ನಮ್ಮ ಪೇಟೆಗಳಲ್ಲಿ ಜನ ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದು ಹೆಚ್ಚಾಗಿ ಈ ಮೂರನ್ನೇ.

ಎರಡನೇ ಭಾಗ ಅಷ್ಟು ಗಟ್ಟಿ ಇಲ್ಲ. ಕೈಕಾಲು ಕಳೆದುಕೊಂಡವರನ್ನೇ ಇಟ್ಟುಕೊಂಡು ಮಾಡಿದ ವ್ಯಾಯಾಮದ ಪ್ರಯೋಗಗಳು ಕಡಿಮೆ, ಇರುವವೂ ಚಿಕ್ಕವು. ಮೇಲಿನ ಆ 249ರ ಲೆಕ್ಕ, ಆ ಮಾರ್ಗಸೂಚಿ, ಎರಡೂ ಅವರಿಗಾಗಿ ಬರೆದದ್ದಲ್ಲ. ನಡಿಗೆಯ ಮೇಲಿನ ಸಂಶೋಧನೆಯಲ್ಲಿ ಬಹಳಷ್ಟು ನಡೆದಿರುವುದು ಅಮೆರಿಕದಂಥ ದೇಶಗಳ ಪ್ರಯೋಗಶಾಲೆಗಳಲ್ಲಿ, ಗಾಯಾಳು ಸೈನಿಕರ ಮೇಲೆ, ಸಮತಟ್ಟಾದ ನೆಲದ ಮೇಲೆ. ಗದ್ದೆಯ ಬದುವಿನ ಮೇಲೆ ನಡೆಯುವವರ, ನೆಲಕ್ಕೆ ಕೂತು ಉಣ್ಣುವವರ ಸೊಂಟದ ಲೆಕ್ಕ ಅದರಲ್ಲಿ ಸಿಗದು. ಹಾಗಿದ್ದರೂ ನಾನು ವ್ಯಾಯಾಮದ ಪರ. ಕಾರಣ ಸರಳ. ಇಲ್ಲಿ ನೋವು ಹುಟ್ಟುವ ದಾರಿಯಲ್ಲಿ ಸೊರಗಿದ ಸ್ನಾಯು, ಗಿಡ್ಡವಾದ ಸ್ನಾಯು, ವಾಲಿದ ನಡಿಗೆ, ಈ ಮೂರೂ ಕಣ್ಣಿಗೆ ಕಾಣುತ್ತವೆ. ಮೂರನ್ನೂ ತಿದ್ದುವ ಸಾಧನ ವ್ಯಾಯಾಮವೇ. ಸರಿಯಾಗಿ ಮಾಡಿದರೆ ನಷ್ಟದ ಭಯ ಕಡಿಮೆ. ಮಾತ್ರೆಯ ಬಗ್ಗೆ ಹಾಗೆ ಹೇಳುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ವರ್ಷಗಟ್ಟಲೆ ಡೈಕ್ಲೋಫೆನಾಕ್ ನುಂಗಿದರೆ ಕಿಡ್ನಿ ಕೇಳುತ್ತದಾ?

ಆದರೆ ಒಂದು ಕ್ರಮ ಇದೆ, ಅದನ್ನು ತಲೆಕೆಳಗು ಮಾಡಿದರೆ ಶ್ರಮ ದಂಡ. ಮೊದಲು ಕೃತಕ ಕಾಲು, ಆಮೇಲೆ ಮೈ. ಗಿಡ್ಡ ಕಾಲಿನ ಮೇಲೆ ನಿಂತು ಎಷ್ಟು ಬಸ್ಕಿ ಹೊಡೆದರೂ ಸೊಂಟ ಸಮ ಆಗುವುದಿಲ್ಲ. ಮನೆಯಲ್ಲೇ ನೋಡಬಹುದು. ಕೃತಕ ಕಾಲು ಹಾಕಿಕೊಂಡು ಎರಡೂ ಪಾದಕ್ಕೆ ಸಮ ಭಾರ ಕೊಟ್ಟು ನಿಲ್ಲಲಿ. ನೀವು ಮುಂದೆ ಕೂತು ಅವರ ಸೊಂಟದ ಎರಡೂ ಕಡೆಯ ಮೂಳೆಯ ಅಂಚಿನ ಮೇಲೆ ಅಂಗೈ ಇಡಿ. ಎರಡೂ ಕೈ ಒಂದೇ ಎತ್ತರದಲ್ಲಿ ಇವೆಯಾ? ಇಲ್ಲದಿದ್ದರೆ ತಗ್ಗಿರುವ ಕಡೆಯ ಪಾದದ ಕೆಳಗೆ ಒಂದೊಂದೇ ನೋಟ್‌ಬುಕ್ ಇಡುತ್ತ ಬನ್ನಿ, ಸಮ ಆದಾಗ ಆ ದಪ್ಪ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊಣಕಾಲಿನ ಮೇಲೆ ಕಾಲು ಹೋದವರಿಗೆ ಪಾದ ಎಡವದಿರಲಿ ಅಂತ ಬೇಕೆಂದೇ ಸ್ವಲ್ಪ ಗಿಡ್ಡ ಮಾಡಿರುತ್ತಾರೆ, ಹಾಗಾಗಿ ನೀವೇ ಅಟ್ಟೆ ಹಚ್ಚಲು ಹೋಗಬೇಡಿ. ಆ ಲೆಕ್ಕವನ್ನು ಕಾಲು ಮಾಡುವವರ ಮುಂದೆ ಇಡಿ. "ನೋಯುತ್ತೆ" ಅಂದರೆ ಕೇಳದವರು "ಸಂಜೆಗೆ ಇಷ್ಟು ಗಿಡ್ಡ ಆಗುತ್ತೆ" ಅಂದರೆ ಕೇಳುತ್ತಾರೆ.

ಮೈಯ ಕೆಲಸದಲ್ಲಿ ಮೊದಲನೆಯದು ಬರೀ ಬೋರಲು ಮಲಗುವುದು. ಇದು ವ್ಯಾಯಾಮವೇ ಅಂತ ಕಾಕಾ ಒಪ್ಪಲಿಲ್ಲ. ಕೃತಕ ಕಾಲು ಬಿಚ್ಚಿ, ಚಾಪೆಯ ಮೇಲೆ ಹೊಟ್ಟೆ ಕೆಳಗೆ ಮಾಡಿ, ತೊಡೆಗಳನ್ನು ಒಂದರ ಪಕ್ಕ ಒಂದು ನೆಟ್ಟಗೆ ಇಟ್ಟು, ಹತ್ತು ನಿಮಿಷದಿಂದ ಶುರುಮಾಡಿ ಇಪ್ಪತ್ತಕ್ಕೆ ಏರಿಸುವುದು, ದಿನಕ್ಕೆ ಎರಡು ಸಲ. ಗಿಡ್ಡವಾದ ಸ್ನಾಯು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಉಸಿರಿನ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಮಾಡಲಿ. ಎರಡನೆಯದು ಅಂಗಾತ ಮಲಗಿ, ಸ್ಟಂಪಿನ ತೊಡೆಯ ಕೆಳಗೆ ಸುತ್ತಿದ ಕಂಬಳಿ ಇಟ್ಟು, ಅದನ್ನು ಒತ್ತುತ್ತ ಸೊಂಟವನ್ನು ನೆಲದಿಂದ ಎತ್ತುವುದು. ಐದು ಎಣಿಸಿ ಇಳಿಸುವುದು. ಕಂಬಳಿ ಇಡುವುದು ಈ ಐದು ನಿಮಿಷಕ್ಕೆ ಮಾತ್ರ, ಮುಗಿದ ಮೇಲೆ ತೆಗೆಯಿರಿ. ಮೂರನೆಯದು ಇರುವ ಕಾಲು ಕೆಳಗೆ ಮಾಡಿ ಪಕ್ಕಕ್ಕೆ ಮಲಗಿ ಸ್ಟಂಪನ್ನು ನೆಟ್ಟಗೆ ಮೇಲಕ್ಕೆತ್ತುವುದು. ಎಲ್ಲರೂ ಕಳ್ಳತನ ಮಾಡುವುದು ಇಲ್ಲೇ. ತೊಡೆ ಮುಂದಕ್ಕೆ ಸರಿದರೆ ಸುಲಭ ಅನ್ನಿಸುತ್ತದೆ, ಪ್ರಯೋಜನ ಇಲ್ಲ. ಸ್ವಲ್ಪ ಹಿಂದಕ್ಕೇ ಇರಬೇಕು. ಕಾಕಾನಿಗೆ ಮೊದಲ ದಿನ ನಾಲ್ಕು ಸಲ ಎತ್ತುವಷ್ಟರಲ್ಲಿ ತೊಡೆ ನಡುಗಿತು. ಗದ್ದೆಯಲ್ಲಿ 75 ಕೆಜಿ ಭತ್ತದ ಚೀಲ ಹೊರುತ್ತಿದ್ದ ಮನುಷ್ಯ! ಆವತ್ತೇ ಅವನಿಗೆ ನಂಬಿಕೆ ಬಂದದ್ದು, ನೋವು ಎಲ್ಲಿಂದ ಬರುತ್ತಿದೆ ಅಂತ.

ಇದರ ಜೊತೆಗೆ ಹೊಟ್ಟೆಯನ್ನು ಮೆಲ್ಲಗೆ ಬಿಗಿಹಿಡಿದು ಎದುರುಬದುರಿನ ಕೈ, ಕಾಲು ಎತ್ತುವುದು. ಅಂಬೆಗಾಲಿನಲ್ಲಿ ಮಾಡುತ್ತಾರೆ, ಆದರೆ ಸ್ಟಂಪಿನ ಚರ್ಮ ಎಳೆಯದಾಗಿದ್ದರೆ ಬರೀ ನೆಲದ ಮೇಲೆ ಬೇಡ, ಹಾಸಿಗೆಯ ಮೇಲೆ ಮಲಗಿ ಮಾಡಿದರಾಯಿತು.

ನನಗೆ ತುಂಬಾ ಹಿಡಿಸಿದ್ದು ತಕ್ಕಡಿಯ ಪಾಠ. ಅಂಗಡಿಯಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ಮೆಷಿನ್ ಇತ್ತು. ಮೇಡಂ ಹೇಳಿದ ಹಾಗೆ ಅದೇ ಎತ್ತರದ ಹಲಗೆಯೊಂದನ್ನು ಪಕ್ಕಕ್ಕೆ ಇಟ್ಟೆವು. ಬಲಗಾಲು ಹಲಗೆಯ ಮೇಲೆ, ಕೃತಕ ಕಾಲು ಮೆಷಿನ್ ಮೇಲೆ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. "ಈಗ ಸಮ ನಿಂತೀನಿ" ಅಂದ ಕಾಕಾ. ಮೆಷಿನ್ ತೋರಿಸಿದ್ದು 21 ಕೆಜಿ. ಅವನ ತೂಕ 68. ಸಮ ಅಂದರೆ 34 ಆಗಬೇಕಿತ್ತು! ಎಂಟು ವರ್ಷದಿಂದ ಅವನ ಮೈಗೆ ಸಮ ಅಂದರೆ 21. ಆಮೇಲೆ ದಿನಾ ಅಂಗಡಿ ತೆಗೆಯುವ ಮುಂಚೆ ಹತ್ತು ನಿಮಿಷ ಅಂಕಿ ನೋಡುತ್ತ ಭಾರ ಸರಿಸುವುದು. 24, 26. ವ್ಯಾಪಾರಿಗೆ ಅಂಕಿ ಏರುವುದನ್ನು ನೋಡುವುದೆಂದರೆ ಹಬ್ಬ. ಯಾವ ವ್ಯಾಯಾಮ ಬಿಟ್ಟರೂ ಇದನ್ನು ಬಿಡಲಿಲ್ಲ. ಕೊನೆಗೆ ನಡಿಗೆ, ಎಡದಂಡೆ ಕಾಲುವೆಯ ದಾರಿಯಲ್ಲಿ ಐದು ನಿಮಿಷದಿಂದ ಶುರು. ಕೋಲು ಬೇಕಾದರೆ ಇರುವ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ, ಕಾಕಾನೂ ಹಿಡಿಯುತ್ತಿದ್ದ.

ಎಷ್ಟು ದಿನ? ವಾರಕ್ಕೆ ಮೂರು ದಿನಕ್ಕಿಂತ ಕಡಿಮೆ ಆಗದಂತೆ, ಎರಡು ಮೂರು ತಿಂಗಳು ಮಾಡದೆ ತೀರ್ಪು ಕೊಡಬಾರದು. ಮಾಡುವಾಗ ಸ್ವಲ್ಪ ನೋವು ಬಂದು ಮರುದಿನಕ್ಕೆ ಇಳಿದರೆ ಸರಿ. ಇಳಿಯದಿದ್ದರೆ ಲೆಕ್ಕ ಅರ್ಧ ಮಾಡಿ, ಪೂರ್ತಿ ಬಿಡಬೇಡಿ. ಸಕ್ಕರೆ ಕಾಯಿಲೆಯವರು ದಿನಾ ಸ್ಟಂಪನ್ನೂ ಇರುವ ಪಾದದ ಅಡಿಯನ್ನೂ ಕನ್ನಡಿ ಹಿಡಿದು ನೋಡಬೇಕು, ಕೆಂಪು, ಗುಳ್ಳೆ, ಗಾಯ ಕಂಡರೆ ಕೃತಕ ಕಾಲು ಹಾಕದೆ ಡಾಕ್ಟರ್ ಹತ್ತಿರ. ಇನ್ನು ಕೆಲವು ಲಕ್ಷಣಗಳಿಗೆ ವ್ಯಾಯಾಮ ಮದ್ದಲ್ಲ. ಉಚ್ಚೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಕಡಿಮೆಯಾದರೆ ಅದೇ ದಿನ ಆಸ್ಪತ್ರೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಬಂದ ನೋವು, ಇವನ್ನೂ ಮನೆಯಲ್ಲಿ ಇಟ್ಟುಕೊಂಡು ಕೂರಬಾರದು.

ಇಷ್ಟೆಲ್ಲ ಬರೆದ ಮೇಲೆ ನನಗೆ ಸಿಟ್ಟು ಬರುವ ಜಾಗಕ್ಕೆ ಬರುತ್ತೇನೆ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಕಿಲ್ಲ. ಬೇಕಿರುವುದು ಕಲಿಸುವವರು. ಕೃತಕ ಕಾಲಿಗೆ ಈ ದೇಶದಲ್ಲಿ ವ್ಯವಸ್ಥೆ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಕೃತಕ ಅಂಗ ತಯಾರಿಸುವ ಕೇಂದ್ರ ಸರ್ಕಾರದ ಕಂಪನಿ, ಕಾನ್ಪುರದ ಅಲಿಂಕೊ, 1972ರಿಂದ ಇದೆ. ಜೈಪುರದ ಭಗವಾನ್ ಮಹಾವೀರ ಸಮಿತಿ 1975ರಿಂದ ಉಚಿತವಾಗಿ ಕಾಲು ಕೊಡುತ್ತಿದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆ 1981ರದ್ದು. ಊರೂರಿಗೆ ಶಿಬಿರಗಳು ಬರುತ್ತವೆ, ಅಳತೆ ತೆಗೆದುಕೊಳ್ಳುತ್ತಾರೆ, ಕಾಲು ಕೊಡುತ್ತಾರೆ, ಹಾರ, ಫೋಟೋ. ಅದನ್ನು ಹೀಯಾಳಿಸುವಷ್ಟು ಕೃತಘ್ನ ನಾನಲ್ಲ, ಆ ಕಾಲು ಇಲ್ಲದಿದ್ದರೆ ಕಾಕಾ ಇವತ್ತಿಗೂ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಆದರೆ ಲೆಕ್ಕ ಹಾಕುವುದು ಎಷ್ಟು ಕಾಲು ಕೊಟ್ಟೆವು ಅಂತ. ಆರು ತಿಂಗಳ ನಂತರ ಎಷ್ಟು ಜನ ಅದನ್ನು ಹಾಕಿಕೊಳ್ಳುತ್ತಿದ್ದಾರೆ, ಎಷ್ಟು ಕಾಲು ಅಟ್ಟದ ಮೇಲೆ ಇವೆ ಅಂತ ಕೇಳುವವರಿಲ್ಲ. ನಡೆಯುವುದನ್ನು ಕಲಿಸಲು ವಾರಗಳು ಬೇಕು. ಕಾಕಾನಿಗೆ ಸಿಕ್ಕಿದ್ದು ಶಾಮಿಯಾನದ ಕೆಳಗೆ ಅರ್ಧ ತಾಸು.

ನಿಯಮದಲ್ಲೂ ಒಂದು ಎಡವಟ್ಟು ಇದೆ. ಎಡಿಪ್‌ನಲ್ಲಿ ಒಮ್ಮೆ ಸಾಧನ ಪಡೆದವರು ಅದೇ ಸಾಧನಕ್ಕೆ ಮೂರು ವರ್ಷ ಕಾಯಬೇಕು, ಚಿಕ್ಕ ಮಕ್ಕಳಾದರೆ ಒಂದು ವರ್ಷ. ಆದರೆ ಆಪರೇಷನ್ ಆದ ಮೊದಲ ವರ್ಷ, ಒಂದೂವರೆ ವರ್ಷದಲ್ಲೇ ಸ್ಟಂಪ್ ಹೆಚ್ಚು ಕುಗ್ಗುವುದು. ಅಂದರೆ ಹೊಸದಾಗಿ ಕಾಲು ಕಳೆದುಕೊಂಡವನಿಗೆ ಸಾಕೆಟ್ ಸಡಿಲ ಆಗುವುದು ಬೇಗ, ಹೊಸದು ಸಿಗುವುದು ತಡ. ಆ ನಡುವಿನ ಕಾಲದಲ್ಲೇ ಸೊಂಟ ವಾಲುವುದನ್ನು ಕಲಿಯುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಬಂದು ದಶಕ ದಾಟಿತು, ಕಲ್ಯಾಣ ಕರ್ನಾಟಕ ಮಂಡಳಿಯಲ್ಲಿ ಕಟ್ಟಡಕ್ಕೆ ದುಡ್ಡಿದೆ. ಆದರೆ ಸಿಂಧನೂರಿನ ಕಡೆಯವರು ಫಿಸಿಯೋಥೆರಪಿಗೆ ವಾರಕ್ಕೆ ಎರಡು ಸಲ ರಾಯಚೂರಿಗೆ ಹೋಗಿ ಬರುವುದು ಅಂದರೆ ಪ್ರತಿ ಸಲ ಬಸ್ಸಿನಲ್ಲೇ ನಾಲ್ಕು ತಾಸಿನ ಮೇಲೆ, ಒಂದು ದಿನದ ಕೂಲಿ ಖೋತಾ. ಆ ಸೀಟಿನಲ್ಲಿ ಕೂತು ಬಂದ ಸೊಂಟಕ್ಕೆ ವ್ಯಾಯಾಮ ಮಾಡಿಸಿದರೆ ಏನು ಬಂತು? ದಾವಣಗೆರೆಯಲ್ಲಿ ಕೇಂದ್ರದ ಪುನರ್ವಸತಿ ಕೇಂದ್ರ ಇದೆ, ಇನ್ನೂ ದೂರ. ಹತ್ತಿರ ಇರುವವರು ಬೇರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂತ ಇದ್ದಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರೇ ಆ ಕೆಲಸದಲ್ಲಿ ಇರುತ್ತಾರೆ, ಯಾರ ಮನೆಯಲ್ಲಿ ಯಾರಿಗೆ ಏನಾಗಿದೆ ಅಂತ ಹೆಸರು ಸಮೇತ ಗೊತ್ತು. ಈಗ ಅವರ ದಿನ ಹೋಗುವುದು ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಪಿಂಚಣಿ, ಬಸ್ ಪಾಸಿನ ಅರ್ಜಿಯಲ್ಲಿ. ಸೊಂಟದ ಮೇಲೆ ಅಂಗೈ ಇಟ್ಟು ಎತ್ತರ ನೋಡುವುದು, ಸಾಕ್ಸ್ ಲೆಕ್ಕ ಕೇಳುವುದು, ಬೋರಲು ಮಲಗಿಸುವುದು, ಅಪಾಯದ ಲಕ್ಷಣ ಗುರುತಿಸುವುದು. ಇಷ್ಟನ್ನು ಎರಡು ದಿನದಲ್ಲಿ ಅವರಿಗೆ ಕಲಿಸಬಹುದು. ಅವರು ಫಿಸಿಯೋಥೆರಪಿಸ್ಟ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೆ ಒಂದು ನಿಗದಿತ ದಿನ ಫಿಸಿಯೋ, ಕಾಲು ಮಾಡುವವರು ಇಬ್ಬರೂ ಒಟ್ಟಿಗೆ ಬಂದರೆ, ಯಾರನ್ನು ಕಳಿಸಬೇಕು ಅಂತ ವಿಆರ್‌ಡಬ್ಲ್ಯೂ ಹೇಳುತ್ತಾರೆ. ಇಬ್ಬರೂ ಒಟ್ಟಿಗೆ ಅನ್ನುವುದು ಮುಖ್ಯ. ಈಗ ಫಿಸಿಯೋ ಹತ್ತಿರ ಹೋದರೆ ಕಾಲು ಸರಿಯಿಲ್ಲ ಅನ್ನುತ್ತಾರೆ, ಕಾಲಿನವರ ಹತ್ತಿರ ಹೋದರೆ ಸ್ನಾಯು ಸರಿಯಿಲ್ಲ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಾಕಾನ ಟೊಂಕ ನೋವು ಹೋಗಿದೆಯಾ? ಇಲ್ಲ. ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಮೊದಲು ಏಳು ಅನ್ನುತ್ತಿದ್ದ, ಈಗ ಮೂರೋ ನಾಲ್ಕೋ ಅನ್ನುತ್ತಾನೆ. ನಾಟಿ ಸುಗ್ಗಿಯಲ್ಲಿ ಅಂಗಡಿಯಲ್ಲಿ ಜನ ಜಾಸ್ತಿ, ಆಗ ವ್ಯಾಯಾಮ ತಪ್ಪುತ್ತದೆ, ನೋವು ಐದಕ್ಕೆ ಏರುತ್ತದೆ. ಬೆಲ್ಟನ್ನು ಅಕ್ಕಿ ಚೀಲದ ಬಾಯಿ ಕಟ್ಟಲು ಬಳಸುತ್ತಾನೆ. ತಕ್ಕಡಿ 30 ದಾಟಿದೆ.

ಹೋದ ತಿಂಗಳು ತಾಲ್ಲೂಕಿಗೆ ಮತ್ತೆ ಶಿಬಿರ ಬರುತ್ತದೆ ಅಂತ ಸುದ್ದಿ ಬಂತು. "ತಮ್ಮಾ, ನನಗ ಕಾಲು ಬ್ಯಾಡ. ನಾಕು ಜೋಡಿ ಸಾಕ್ಸ್ ಕೊಡ್ತಾರೇನು ಕೇಳು" ಅಂದ. ಫೋನ್ ಮಾಡಿದೆ. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗ ಒಳ್ಳೆಯವನೇ, ಹುಡುಕಿ ನೋಡಿ ಹೇಳಿದ, ಕಾಲು ಇದೆ, ಕೈ ಇದೆ, ಬಡಿಗೆ ಇದೆ, ಸಾಕ್ಸ್ ಅಂತ ಬೇರೆ ಬರೆಯಲು ಪಟ್ಟಿಯಲ್ಲಿ ಜಾಗ ಇಲ್ಲ ಸರ್.

ಕಾಕಾ ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಹಂಗಾರ ಒಂದು ಕಾಲೇ ಬರೆಸು. ಅದರ ಜೋಡಿ ಒಂದು ಸಾಕ್ಸರ ಬರ್ತೈತಲ್ಲ."